ಎಲ್ಲರ ಕೈ ಬಿದ್ದ ನಟ್ಟು

ನಮ್ಮ ಮನೆಯಲ್ಲಿ ಡಬ್ಬಿ, ಬಾಟಲಿ, ಭರಣಿ ಯಾವುದರ ಮುಚ್ಚಳಕ್ಕೂ ನಾನು ಕೈ ಹಚ್ಚುವಂತಿಲ್ಲ. ಇದು ನನ್ನ ಹೆಂಡತಿ ಶಾಂತಾ ಮದುವೆಯಾಗಿ ಬಂದ ಹೊಸತರಲ್ಲೇ ಮಾಡಿದ ಕಾಯಿದೆ. ಅವತ್ತು ನಾನು ಮುಚ್ಚಿಟ್ಟ ಉಪ್ಪಿನಕಾಯಿ ಬಾಟಲಿಯನ್ನು ಆಕೆ ಸೆರಗು ಹಿಡಿದು ತಿರುವಿದಳು, ಬಿಸಿನೀರಲ್ಲಿ ಅದ್ದಿದಳು, ಬಾಗಿಲ ಸಂದಿಯಲ್ಲಿ ಸಿಗಿಸಿ ನೋಡಿದಳು. ಕಡೆಗೆ ಪಕ್ಕದ ಮನೆಯ ಗುರಪ್ಪ ಕಾಕಾನ ಕಡೆ ಒಯ್ದಳು. ಕಾಕಾ ವಯಸ್ಸಿನಲ್ಲಿ ಕುಸ್ತಿ ಹಿಡಿದ ಪೈಲವಾನರು. ಅವರೂ ತುಟಿ ಕಚ್ಚಿ, ಕಣ್ಣು ಮುಚ್ಚಿ, ಅಂತೂ ತೆಗೆದುಕೊಟ್ಟು, "ಯವ್ವಾ, ಇದನ್ನ ಮುಚ್ಚಿದಾಂವ ನಿನ್ನ ಗಂಡ ಏನು? ಸುಮ್ಮ ಬೀಜದ ಅಂಗಡ್ಯಾಗ ಕುಂತು ಹಾಳಾದ. ತಾಲೀಮಿಗೆ ಬರಬೇಕಾಗಿತ್ತು" ಅಂದರಂತೆ.

ಶಾಂತಾಳ ಪ್ರಕಾರ ಅದು ನನ್ನೊಬ್ಬನ ಜಡ್ಡು. ನಾನು ಹೇಳುವುದು ಬೇರೆ. ಇದು ಸೀಮೆಯ ಗುಣ ನೋಡ್ರಿ. ನಮ್ಮ ಬೈಲಹೊಂಗಲದ ಕಡೆ ಸಡಿಲ ಅನ್ನುವುದು ಬೈಗುಳ. ಹೊಟ್ಟು ಹೇರಿದ ಚಕ್ಕಡಿಯ ಹಗ್ಗ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಲಿಯ ಸರಪಳಿ, ತಲೆಗೆ ಸುತ್ತಿದ ಪಟಕಾ, ಚೀಲದ ಬಾಯಿಗೆ ಹೊಲಿದ ಸುತಳಿ, ಎಲ್ಲವೂ ಗಚ್ಚಾಗಿ ಇರಬೇಕು. ಊಟಕ್ಕೆ ಕೂತವನ ಎಲೆಗೆ ಅವನು ಎರಡೂ ಕೈ ಅಡ್ಡ ಹಿಡಿದರೂ ಹೋಳಿಗೆ ಹಾಕುವ ಜನ ನಾವು. ಒಂದು ನಟ್ಟನ್ನು "ಸಾಕು" ಅಂದಲ್ಲಿಗೆ ಬಿಟ್ಟೇವೆಯೇ?

ಇನ್ನೊಂದು ರೂಢಿ ಇದೆ. ಅದನ್ನು ಹೇಳದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ದಾರಿಯಲ್ಲಿ ಯಾರಾದರೂ ಏನಾದರೂ ಎತ್ತುತ್ತಿದ್ದರೆ, ಜಗ್ಗುತ್ತಿದ್ದರೆ, ಕಟ್ಟುತ್ತಿದ್ದರೆ ಹಾಯ್ದುಹೋಗುವವನು ಸುಮ್ಮನೆ ಹಾಯ್ದುಹೋಗಬಾರದು. ನಿಂತು, ಚಪ್ಪಲಿ ಬಿಟ್ಟು, "ನಂದೂ ಒಂದ ಕೈ ಇರಲಿ" ಅಂತ ಕೈ ಹಚ್ಚಬೇಕು. ಹಚ್ಚಿದ ಕೈಯಿಂದ ಕೆಲಸ ಆಯಿತೋ ಇಲ್ಲವೋ ಅದು ಬೇರೆ ಮಾತು. ಹಚ್ಚದೆ ಹೋದವನನ್ನು ಮಾತ್ರ ಓಣಿ ಮರೆಯುವುದಿಲ್ಲ. ನಮ್ಮ ಅಜ್ಜ ಬಣವೆ ಒಟ್ಟುವಾಗ ಮುಗುಳ್ನಕ್ಕು ಮುಂದೆ ಹೋದ ಒಬ್ಬಾತನ ಹೆಸರು ನನಗೆ ಈಗಲೂ ಗೊತ್ತು. ಆತ ಸತ್ತು ಹೋಗಿ, ಆತನ ಮೊಮ್ಮಗ ನನ್ನ ಅಂಗಡಿಗೆ ಹೆಸರುಕಾಳಿನ ಬೀಜ ಒಯ್ಯಲು ಬಂದಾಗ ನನ್ನ ಬಾಯಿಗೆ ಮೊದಲು ಬರುವುದು ಆ ಬಣವೆಯ ಮಾತೇ.

ಇಂಥ ಊರಲ್ಲಿ, ಇಂಥ ಓಣಿಯಲ್ಲಿ, ಬಾಗಿಲ ಮುಂದೆ ಒಂದು ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ತೆರೆದಿಟ್ಟು ರಿಪೇರಿಗೆ ಕೂತೆ. ನನ್ನ ಧೈರ್ಯ ನೋಡ್ರಿ.

ಕಾರು ಅಪ್ಪ ಕಿತ್ತೂರಿನ ಒಬ್ಬ ಡಾಕ್ಟರರಿಂದ ಕೊಂಡದ್ದು. ಮನೆಗೆ ಬಂದ ದಿನ ಅದು ಹಾಲಿನ ಕೆನೆಯ ಬಣ್ಣದ್ದಾಗಿತ್ತು. ಈಗ ಅದನ್ನು ಕೆನೆ ಅನ್ನಬೇಕಾದರೆ ಹಾಲು ಒಡೆದಿರಬೇಕು. ನಾನು ಸಣ್ಣವನಿದ್ದಾಗ ಹಿಂದಿನ ಸೀಟಿನ ರೆಕ್ಸಿನ್ ಬೇಸಿಗೆಯಲ್ಲಿ ಹೆಂಚಿನ ಹಾಗೆ ಕಾಯುತ್ತಿತ್ತು. ಚಡ್ಡಿ ಹಾಕಿದ ನಾನು ಅದರ ಮೇಲೆ ಕೂತರೆ ಏಳುವಾಗ ತೊಡೆಯ ಸಿಪ್ಪೆ ಅಲ್ಲೇ ಉಳಿಯುತ್ತದೆ ಅನಿಸುತ್ತಿತ್ತು. ಲಂಗದ ಅಕ್ಕನಿಗೆ ಆ ಕಷ್ಟವಿಲ್ಲ. ಅದಕ್ಕೇ ಬಿಸಿಲು ಬೀಳುವ ಕಿಟಕಿ ಪಕ್ಕದ ಜಾಗ ಆಕೆಗೆ. ಗಾಜು ಇಳಿಸುವ ಹಿಡಿಕೆಗಾಗಿ ನಮ್ಮಿಬ್ಬರದು ನಿತ್ಯ ಯುದ್ಧ. ಅಪ್ಪ ಮುಂದಿನಿಂದಲೇ, ತಿರುಗಿ ನೋಡದೆ, ಒಂದು ಕೈ ಹಿಂದಕ್ಕೆ ಬೀಸುತ್ತಿದ್ದರು. ಏಟು ಯಾರಿಗೆ ಬಿದ್ದರೂ ನ್ಯಾಯ ಆದಂತೆ.

ಅಪ್ಪನಿಗೆ ಒಂದು ಚಾಳಿ. ಎಲ್ಲಿಗೆ ಹೊರಟರೂ ಮೊದಲು ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಹಿರಿದು, ಧೋತರದ ಚುಂಗಿಗೆ ಒರೆಸಿ, ಮತ್ತೆ ಅದ್ದಿ ನೋಡುವುದು. ನಮ್ಮ ಅವ್ವ ಆ ಧೋತರಗಳನ್ನು ಒಗೆಯುವಾಗ ಕಾರಿನ ಹಿಂದಿನ ಏಳು ತಲೆಮಾರನ್ನೂ ನೆನೆಯುತ್ತಿದ್ದಳು. ಆದರೆ ಅದೇ ಅವ್ವ ಪಂಚಮಿ ಹತ್ತಿರ ಬಂತೆಂದರೆ ಕಾರಿಗೆ ತಾನೇ ನೀರು ಹಾಕಿ ತೊಳೆದು, ಮುಂದಿನ ದೀಪಗಳಿಗೆ ಕುಂಕುಮ ಹಚ್ಚುತ್ತಿದ್ದಳು. ಯಾಕೆಂದರೆ ಆ ಕಾರು ನಮ್ಮ ಸೋದರತ್ತೆಯನ್ನು ಕರೆತರಲು ಹೋಗಬೇಕಲ್ಲ.

ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಗಳನ್ನು ತವರಿಗೆ ಕರೆಯುವುದು ಅಂದರೆ ನಮ್ಮಲ್ಲಿ ಫೋನ್ ಮಾಡಿ "ಬಾ" ಅನ್ನುವುದಲ್ಲ. ಅಣ್ಣನೋ ತಮ್ಮನೋ ಹೋಗಬೇಕು, ಅಲ್ಲಿ ಉಣ್ಣಬೇಕು, ಕರೆದುಕೊಂಡು ಬರಬೇಕು. ಉಂಡಿ ತಿಂದು, ಜೋಕಾಲಿ ಆಡಿ, ಹಬ್ಬ ಮುಗಿಸಿಕೊಂಡು ಹೋದ ಮೇಲೂ ಆಕೆಯನ್ನು ಗಂಡನ ಊರ ಹೆಂಗಸರು ಕೇಳುವುದು ಒಂದೇ ಮಾತು: "ಕರ್ಯಾಕ ಯಾರ ಬಂದಿದ್ರವಾ?" ಅದಕ್ಕೆ ಉತ್ತರ ಇರಬೇಕು. "ನಾನ ಹ್ವಾದೆ" ಅನ್ನುವಂತಾಗಬಾರದು.

ಈಗ ಅಪ್ಪನಿಲ್ಲ, ಅವ್ವನಿಲ್ಲ. ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿದೆ. ಕರೆತರುವ ಹಕ್ಕು ನನ್ನದು, ಕಾರು ಅಪ್ಪನದು. ವರ್ಷ ವರ್ಷವೂ ಹೀಗೇ ನಡೆದಿತ್ತು. ಹೋದ ವರ್ಷ ಅದಕ್ಕೆ ಎಣ್ಣೆ ಬಿತ್ತು.

ಅಕ್ಕನ ಗಂಡ, ನಮ್ಮ ಮಾಮಾ, ಭೂಮಿ ಅಳೆಯುವ ಕೆಲಸದಿಂದ ನಿವೃತ್ತರಾದವರು. ಕೆಲಸ ಬಿಟ್ಟರೂ ಅಳೆಯುವುದು ಬಿಟ್ಟಿಲ್ಲ. ಆಗಷ್ಟೇ ಅವರು ಅಂಗಳಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದರು. ನಾನು ಹೋಗಿ ಅದರ ಮೇಲೆಯೇ ಕಾರು ನಿಲ್ಲಿಸಿ, ಊಟ ಮಾಡಿ, ಡರ್ರನೆ ತೇಗಿ ಹೊರಬಂದರೆ, ಕಾರಿನ ಕೆಳಗೆ ಒಂದು ಕರಿಯ ಕೆರೆ. ಮಾಮಾ ಒಳಗಿನಿಂದ ಟೇಪು ತಂದು ಅದರ ಉದ್ದ ಅಗಲ ಅಳೆದರು. ಬೈದಿದ್ದರೆ ಎಷ್ಟೋ ಬೇಸಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕನನ್ನು ಕೂಡಿಸಿಕೊಂಡು ಹೊರಟು, ಸವದತ್ತಿ ಇನ್ನೂ ದೂರ ಇರುವಾಗಲೇ ಬಾನೆಟ್ ಸಂದಿಯಿಂದ ಹೊಗೆ ಬಂತು. ಎಣ್ಣೆ ಸೋರಿ ಕಾದ ಪೈಪಿನ ಮೇಲೆ ಬೀಳುತ್ತಿತ್ತು. ಕಡ್ಡಿ ಹಿರಿದು ನೋಡಿದರೆ ಒಣಗಿಹೋಗಿದೆ. ಅಪ್ಪನ ಚಾಳಿ ನನಗೆ ಬಂದಿರಲಿಲ್ಲ ಅನ್ನಿ. ಕಡೆಗೆ ಹಸಿಮೆಣಸಿನಕಾಯಿ ಚೀಲ ಹೇರಿಕೊಂಡು ಬೈಲಹೊಂಗಲಕ್ಕೆ ಹೊರಟಿದ್ದ ಟೆಂಪೋ ಸಿಕ್ಕಿತು. ರೇಷ್ಮೆ ಸೀರೆಯ ಅಕ್ಕ ಮೆಣಸಿನಕಾಯಿ ಚೀಲದ ಮೇಲೆ ಕೂತು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ತವರಿಗೆ ಬಂದಿಳಿದಳು. ಓಣಿಯ ಹೆಂಗಸರು, "ಪಾಪ, ಅವ್ವನ ನೆನಸಿ ಅಳಾಕ ಹತ್ಯಾಳ" ಅಂತ ತಾವೂ ಅತ್ತರು.

ಈ ಸುದ್ದಿ ತಿರುಗಿ ರಾಮದುರ್ಗಕ್ಕೆ ಹೋಗದೆ ಇರುತ್ತದೆಯೇ? ಈ ವರ್ಷ ಮುಂಗಾರು ಶುರುವಾಗುತ್ತಲೇ ಮಾಮಾ ಫೋನ್ ಮಾಡಿದರು.

"ನೋಡಪಾ, ನಾ ಈಗ ಹೊಸಾ ಗಾಡಿ ತಗೊಂಡೇನಿ. ಪಂಚಮಿಗೆ ನಿಮ್ಮಕ್ಕನ್ನ ನಾನ ಬಿಟ್ಟ ಬರತೇನಿ. ನೀ ತ್ರಾಸ ತಗೋಬ್ಯಾಡ."

"ಮಾಮಾ, ಹಂಗನಬ್ಯಾಡ್ರಿ. ಕರ್ಯಾಕ ನಾ ಬರಬೇಕು."

"ಬಾರಪಾ, ಬಾ. ಯಾರ ಬ್ಯಾಡಂದಾರ? ಆದ್ರ ನಿನ್ನ ಗಾಡಿ ನಮ್ಮ ಅಂಗಳದಾಗ ಒಂದ ಹನಿ ಎಣ್ಣಿ ಹಾಕ್ತೋ, ಮುಗೀತು. ಅಕೀ ನನ್ನ ಗಾಡ್ಯಾಗ ಬರತಾಳ. ಈ ವರ್ಷ ಅಷ್ಟ ಅಲ್ಲ, ಪ್ರತಿ ವರ್ಷ."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. "ಹೂಂ, ಹಂಗ ಆಗ್ಲಿ. ಮೆಣಸಿನಕಾಯಿ ಮ್ಯಾಲೆ ಇನ್ನೊಮ್ಮೆ ನಾ ಕೂಡಂಗಿಲ್ಲಪಾ ತಮ್ಮಾ!"

ಬಸ್ಸಿನಲ್ಲಿ ಹೋಗಿ ಕರೆತರಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಶಾಂತಾ ಕೂಡ ಕೇಳಿದಳು. ಕೇಳುವುದು ಸುಲಭ. ಬಾಗಿಲಲ್ಲಿ ಹೊಸ ಗಾಡಿ ತೊಳೆದು ನಿಲ್ಲಿಸಿದ ಮನೆಗೆ ಹೋಗಿ, "ಅಕ್ಕಾ, ಬಾ, ಬಸ್ಸಿಗಿ ಹೊತ್ತಾತು" ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. 

ಸರಿ, ಬಾಬಣ್ಣನನ್ನು ಕರೆಸಿದೆ. ಬಾಬಣ್ಣ ನಮ್ಮ ಮೆಕ್ಯಾನಿಕ್. ಕೈಗಿಂತ ಬಾಯಿ ಜೋರು. ಗಾಡಿಯ ಕೆಳಗೆ ಮಲಗಿದರೂ ಅವನ ಮಾತು ಮೇಲೆ ಬರುತ್ತಲೇ ಇರುತ್ತದೆ. ಪುಸ್ತಕದಲ್ಲಿ ಗ್ಯಾಸ್ಕೆಟ್ ಅನ್ನುವುದಕ್ಕೆ ಅವನು ಪ್ಯಾಕಿಂಗ್ ಅನ್ನುತ್ತಾನೆ. ಎರಡು ಕಬ್ಬಿಣಗಳ ನಡುವೆ ಎಣ್ಣೆ ಸೋರದಂತೆ ಇಡುವ ಕಾರ್ಕಿನದೋ ದಪ್ಪ ಕಾಗದದ್ದೋ ಪಟ್ಟಿ ಅದು. ಜಗಳಗಂಟ ಅಣ್ಣತಮ್ಮರ ನಡುವೆ ಕೂಡಿಸಿದ ಮೆತ್ತನೆ ಸ್ವಭಾವದ ಸೊಸೆಯ ಹಾಗೆ.

"ಸಾವ್ಕಾರ್ರ, ಇದು ತಳದ ಚೇಂಬರಿನ ಪ್ಯಾಕಿಂಗ್. ಕಣ್ಣ ಮುಚ್ಚಿ ಹೇಳ್ತೇನಿ" ಅಂದ.

ಕಣ್ಣು ಮುಚ್ಚಿ ಹೇಳಿದ್ದಕ್ಕೇ ಅದು ತಪ್ಪಾಯಿತು. ಎಣ್ಣೆ ತುಂಬಿದ ಆ ತಳದ ತೊಟ್ಟಿಯನ್ನು ಇಳಿಸಿ, ಹಳೆಯ ಪ್ಯಾಕಿಂಗ್ ಕೆರೆದು, ಹೊಸದು ಕೂಡಿಸಿ ಏರಿಸಿದೆವು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಶಾಂತಾ ಹಾಕಿದ ರಂಗೋಲಿಯ ನಟ್ಟ ನಡುವೆ ಕರಿ ಚುಕ್ಕಿ. 

ಎಣ್ಣೆ ಬೀಳುವುದು ಕೆಳಗೆ, ಹೊರಡುವುದು ಎಲ್ಲಿಂದ? ನನಗೆ ಅಪ್ಪ ಮಾಡುತ್ತಿದ್ದ ಒಂದು ಉಪಾಯ ನೆನಪಾಯಿತು. ಎಂಜಿನ್ನನ್ನು ಸೀಮೆಎಣ್ಣೆಯಿಂದ ಸ್ವಚ್ಛ ಒರೆಸಿ, ದೇವರ ಜಗುಲಿಯ ಮೇಲಿನ ವಿಭೂತಿ ಗಟ್ಟಿ ತಂದು ಪುಡಿ ಮಾಡಿ ಮೈತುಂಬ ಉದುರಿಸಿದೆ. ಎಣ್ಣೆ ಎಲ್ಲಿಂದ ಒಸರುತ್ತದೋ ಅಲ್ಲಿ ಬಿಳಿ ಪುಡಿ ಮೊದಲು ಕಪ್ಪಾಗುತ್ತದೆ. ಶಾಂತಾ ಹೊರಬಂದು ನೋಡಿ, "ಸ್ವಂತ ಹಣಿಗೆ ಹಚ್ಚಿಕೊಳ್ಳಾಕ ನೆನಪಿರೂದಿಲ್ಲ. ಗಾಡಿಗೆ ದೀಕ್ಷಾ ಕೊಡಾಕ ಹತ್ತೀರೇನ್ರಿ?" ಅಂದಳು.

ದೀಕ್ಷೆ ಫಲಿಸಿತು. ಕಪ್ಪು ಗೆರೆ ಇಳಿದದ್ದು ಎಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಿಂದ. ತಗಡಿನ ಉದ್ದನೆ ಮುಚ್ಚಳ, ಕೆಳಗೆ ಕಾರ್ಕಿನ ಪ್ಯಾಕಿಂಗ್, ಮೇಲೆ ಬಿಗಿಯಲು ಎರಡೇ ಎರಡು ನಟ್ಟು. ಬಾಬಣ್ಣ, "ನಾ ಮೊದಲ ಅಂದಿದ್ದೆ" ಅಂದ. ಅಂದಿರಲಿಲ್ಲ. ಹೊಸ ಪ್ಯಾಕಿಂಗ್ ಹಾಕಿದ. ಹಾಕಿ, ನಟ್ಟು ತಿರುವುವ ಪಾನಾ ಎಂಜಿನ್ನಿನ ಮೇಲೆ ಬಿಟ್ಟು ಚಹಾ ಕುಡಿಯಲು ಹೋದ.

ಸೋರಿತು. ಇನ್ನೊಂದು ತಂದು ಹಾಕಿದೆವು. ಇನ್ನೂ ಸೋರಿತು. ದಪ್ಪನೆಯದು ಹಾಕಿದೆವು, ಹೆಚ್ಚು ಸೋರಿತು. ಪಂಚಮಿ ಹತ್ತಿರ ಬಂತು. ಓಣಿಯ ಕಟ್ಟೆಯ ಮೇಲೆ ಕೂತವರು ಇಂಥ ಗಾಡಿಗೆ ಕೊಡುವ ಸಲಹೆಗಳೆಲ್ಲ ಬಂದವು. ಒಬ್ಬರು ಬೆಲ್ಲ ಸುಣ್ಣ ಕಲಸಿ ಮೆತ್ತು ಅಂದರು. ಇನ್ನೊಬ್ಬರು ಉದ್ದಿನ ಹಿಟ್ಟು ಅಂದರು. ಶ್ರಾವಣದಲ್ಲಿ ಎಣ್ಣೆಯಲ್ಲಿ ಕರಿದ ತಿಂಡಿ ನೆನಪಾಗಿ ಮೂರನೆಯವರು ಮಾತು ಬೇರೆ ಕಡೆ ಒಯ್ದರು.

ಕಡೆಗೊಮ್ಮೆ ಬಾಬಣ್ಣ ಸಿಟ್ಟಿನಿಂದ ಮುಚ್ಚಳ ಎತ್ತಿದ. ಎತ್ತಿ, ಒಳಗೆ ಬಗ್ಗಿ ನೋಡಿದ. ಪ್ಯಾಕಿಂಗ್ ತೂಕದ ಕಲ್ಲಿನ ಕೆಳಗೆ ಸಿಕ್ಕ ಹಪ್ಪಳದಂತೆ ಚೂರು ಚೂರಾಗಿ ಹೊರಗೆ ಹರಿದಿತ್ತು. ಮುಚ್ಚಳದ ಅಂಚು ನಟ್ಟಿನ ಹತ್ತಿರ ಕೆಳಕ್ಕೆ ಬಗ್ಗಿ, ಮೂಲೆಗಳಲ್ಲಿ ಮೇಲೆದ್ದಿತ್ತು. ನಡು ಹಿಸುಕಿದ ಚಪಾತಿಯ ಹಾಗೆ.

"ಯಾರ ಬಿಗದಾರ ಇದನ್ನ?" ಅಂದ.

ಕಟ್ಟೆಯ ಮೇಲಿದ್ದ ಗುರಪ್ಪ ಕಾಕಾ ಆಕಾಶ ನೋಡಿದರು, ಮಳೆ ಬರುತ್ತದೆಯೇ ಅಂತ.

"ಕಾಕಾ?"

"ನಾ ಏನ ಬಿಗದಿಲ್ಲಪಾ. ಮುಂಜಾನೆ ವಾಕಿಂಗ್ ಹೊಂಟಿದ್ದೆ. ಪಾನಾ ಅಲ್ಲೇ ಇತ್ತು. ಪಾಪ, ಅಕ್ಕನ್ನ ಕರ್ಯಾಕ ಹೋಗಾಂವ, ನಂದೂ ಒಂದ ಕೈ ಇರಲಿ ಅಂತ ಒಂದಽ ಸುತ್ತ."

"ಎಲ್ಲಾ ಸಲಾನೂ?"

"ಬರೇ ನೋಡಿ ಹೋದರ ನೀವು ಏನ ಅಂದಕೊಂಡೀರಿ?"

ಒಬ್ಬರು ಬಾಯಿ ಬಿಟ್ಟ ಮೇಲೆ ಉಳಿದವರದು ತಡವಾಗಲಿಲ್ಲ. ಹಾಲು ಹಾಕುವವ ಒಂದು ಸುತ್ತು. ಕಬ್ಬಿನ ಟ್ರ್ಯಾಲಿಗೆ ಸರಪಳಿ ಬಿಗಿಯುವ ಎದುರುಮನೆಯಾತ ಒಂದು ಸುತ್ತು, ಅದೂ ಪಾನಾಕ್ಕೆ ಪೈಪ್ ಸಿಗಿಸಿ. ಗಿರಣಿಗೆ ಹಿಟ್ಟಿನ ಡಬ್ಬಿ ಹೊತ್ತು ಹೊರಟಿದ್ದ ಮುದುಕಿ, ಡಬ್ಬಿ ಇಳಿಸಿ, ಮುಟ್ಟಿ ನಮಸ್ಕಾರ ಮಾಡಿ ಅರ್ಧ ಸುತ್ತು. ಬಾಬಣ್ಣ ಸೊಂಟದ ಮೇಲೆ ಕೈ ಇಟ್ಟು ಎಲ್ಲರನ್ನೂ ಬೈದ. ಕಾರ್ಕು ಅಂದರೆ ಕೆನ್ನೆ ಇದ್ದ ಹಾಗೆ, ಮುಟ್ಟಬೇಕು ಅಷ್ಟೇ, ಚಿವುಟಬಾರದು ಅಂತ ದೊಡ್ಡ ಭಾಷಣ ಮಾಡಿದ. ಶಾಂತಾ ಬಾಗಿಲಿಂದಲೇ ಕೇಳಿದಳು: "ಬಾಬಣ್ಣಾ, ಚಹಾ ಕುಡದ ಬಂದ ಮ್ಯಾಲೆ ನೀ ಎಷ್ಟ ಸುತ್ತ ತಿರುವತಿದ್ದಿ?"

"ಅದು... ಖಾತರಿಗೆ ಒಂದ ಹಾಕತಿದ್ದೆ ವೈನಿ."

"ಮತ್ತ ಇವರು?"

ಇವರು ಅಂದರೆ ನಾನು. ನನ್ನದನ್ನು ಕೇಳಬೇಡ್ರಿ. ಮಲಗುವ ಮುಂಚೆ ಒಂದು, ಎದ್ದ ಮೇಲೆ ಒಂದು.

ಹೀಗೆ ಊರ ಪ್ರೀತಿಯೆಲ್ಲ ಆ ಎರಡು ನಟ್ಟಿನ ಮೇಲೆ ಬಿದ್ದು, ನನ್ನ ಎಂಜಿನ್ನು ಎಣ್ಣೆ ಕಾರುತ್ತಿತ್ತು.

ಮುಚ್ಚಳವನ್ನು ಖಾರ ಅರೆಯುವ ಕಲ್ಲಿನ ಮೇಲೆ ಬೋರಲಿಟ್ಟು ಬೆಳಕು ಎಲ್ಲಿ ನುಸುಳುತ್ತದೆ ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಅಂಚು ನೇರ ಮಾಡಿದೆವು. ಹೊಸ ಪ್ಯಾಕಿಂಗ್ ಕೂಡಿಸಿ, ನಟ್ಟನ್ನು ಬೆರಳಿನಿಂದ ತಿರುವಿ, ಪಾನಾದಿಂದ ಸ್ವಲ್ಪೇ ಸ್ವಲ್ಪ ಒತ್ತಿ ಬಿಟ್ಟೆವು. ಬಾಬಣ್ಣ ಪಾನಾ ಜೇಬಿಗೆ ಹಾಕಿ, ನಟ್ಟಿನ ಕಡೆ ತಿರುಗಿ ತಿರುಗಿ ನೋಡುತ್ತ ಹಿಂದೆ ಸರಿದ. ಉಪವಾಸದ ದಿನ ಕಜ್ಜಾಯದ ತಟ್ಟೆ ದಾಟಿ ಹೋದವನಂತೆ.

ಸೋರಲಿಲ್ಲ. ಆದರೆ ಪಂಚಮಿಯ ತನಕ ಅದನ್ನು ಕಾಯುವುದು ಹೇಗೆ? ಬಾನೆಟ್ಟಿನ ಚಿಲಕ ಕೆಟ್ಟು ಎಷ್ಟೋ ವರ್ಷವಾಗಿತ್ತು, ಯಾರು ಬೇಕಾದರೂ ಎತ್ತಬಹುದು. ಪಾನಾ ಬಚ್ಚಿಟ್ಟರೆ ಜನ ಮನೆಯಿಂದ ತರುತ್ತಾರೆ. ಬೇಡ ಅಂದರೆ, "ಹೊರಗಿನವರನ್ನ ಮಾಡಿದಿ ಏನಪಾ ನಮ್ಮನ್ನ?" ಅನ್ನುತ್ತಾರೆ. ಉಪಾಯ ಶಾಂತಾಳದು. ಪಂಚಮಿ ಉಂಡಿಗೆಂದು ಆಕೆ ಶೇಂಗಾ ಹುರಿಯುತ್ತಿದ್ದಳು. ಮೊರದ ತುಂಬ ಸುರಿದು ತಂದು ಬಾನೆಟ್ಟಿನ ಮೇಲೆಯೇ ಇಟ್ಟು, ಬಂದವರಿಗೆಲ್ಲ, "ಕೈ ಹಚ್ಚಾಕ ಬಂದೀರೇನ್ರಿ? ಬರ್ರಿ, ಕುಂಡ್ರಿ, ಇದರ ಸಿಪ್ಪಿ ತಿಕ್ಕರಿ" ಅಂದಳು. ಕೈ ಹಚ್ಚಲು ಬಂದವರು ಇಲ್ಲ ಅನ್ನುವಂತಿಲ್ಲ. ಪೈಲವಾನ ಗುರಪ್ಪ ಕಾಕಾ ಎರಡೂ ಅಂಗೈ ನಡುವೆ ಶೇಂಗಾ ತಿಕ್ಕಿ, ಸಿಪ್ಪೆ ಊದಿ, ಇಡೀ ಓಣಿಗೆ ಬೇಕಾಗುವಷ್ಟು ಕಾಳು ಸ್ವಚ್ಛ ಮಾಡಿದರು. ನಟ್ಟಿನ ಬಳಿ ಯಾರೂ ಹೋಗಲಿಲ್ಲ. ನಾನೂ ತಿಕ್ಕಿದೆ. ನನ್ನ ಕೈಗೂ ಏನಾದರೂ ಕೆಲಸ ಬೇಕಿತ್ತಲ್ಲ.

ರಾಮದುರ್ಗಕ್ಕೆ ಹೊರಟ ದಿನ ಮಳೆ ಹೊಳವಾಗಿತ್ತು. ದಾರಿಯ ಎರಡೂ ಬದಿ ಗೋವಿನಜೋಳ ಎದೆಯೆತ್ತರ. ಸವದತ್ತಿಯಲ್ಲಿ ನಿಲ್ಲಿಸಿ ಗುಡ್ಡದ ಕಡೆ ಮುಖ ಮಾಡಿ ಕೈ ಮುಗಿದು, ಕಡ್ಡಿ ಹಿರಿದು ನೋಡಿದೆ. ಎಣ್ಣೆ ಇದ್ದಲ್ಲೇ ಇತ್ತು. ಪ್ಯಾಂಟಿಗೆ ಒರೆಸಿಕೊಂಡೆ.

ಮಾಮಾ ಗೇಟಿನಲ್ಲೇ ನಿಂತಿದ್ದರು. ಅವರ ಹೊಸ ಗಾಡಿ ಬೀದಿಯಲ್ಲಿ, ಹೊರಡಲು ತಯಾರಾಗಿ ಮುಖ ಬೈಲಹೊಂಗಲದ ಕಡೆ ಮಾಡಿತ್ತು. ಅಂಗಳದಲ್ಲಿ ನನ್ನ ಕಾರು ನಿಲ್ಲುವಷ್ಟು ಜಾಗಕ್ಕೆ ಅಳತೆ ಮಾಡಿ ಹಳೆಯ ಪೇಪರ್ ಹಾಸಿದ್ದರು.

"ಬಾರಪಾ. ಮೊದಲ ಊಟ, ಆಮ್ಯಾಲೆ ತಪಾಸಣಿ" ಅಂದರು.

ಅಕ್ಕ ಬಡಿಸಿದ್ದು ಏನೆಂದು ನನಗೆ ನೆನಪಿಲ್ಲ. ಕಿವಿ ಎಲ್ಲ ಅಂಗಳದ ಕಡೆ. ಉಂಡು ಹೊರಬಂದೆವು. ಮಾಮಾ ಕನ್ನಡಕ ಹಾಕಿಕೊಂಡು, ಮೊಣಕಾಲೂರಿ, ಪೇಪರ್ ಒಂದೊಂದೇ ಎಳೆದು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುವಿದರು. ಒಂದು ಹನಿ ಇಲ್ಲ.

"ಭೇಷ್" ಅಂದರು, ಆದರೆ ದನಿಯಲ್ಲಿ ಭೇಷ್ ಇರಲಿಲ್ಲ. "ಇರ್ರಿ, ಬ್ಯಾಗ್ ತರತೇನಿ" ಅಂತ ಪೇಪರ್ ಮಡಚಿಕೊಂಡು ಒಳಗೆ ಹೋದರು.

ಅವರ ಬೆನ್ನು ಬಾಗಿಲು ದಾಟಿತ್ತೋ ಇಲ್ಲವೋ, ಟಪ್. ಹಳೆಯ ಎಂಜಿನ್ನು, ಎಲ್ಲಿಂದಲೋ, ಯಾವ ಬೇರೆ ಮೂಲೆಯಿಂದಲೋ, ಮುಂದಿನ ಗಾಲಿಯ ಪಕ್ಕ, ಬರೀ ಬಿಳಿ ಟೈಲ್ಸಿನ ಮೇಲೆ ಒಂದೇ ಒಂದು ಹನಿ ಹಾಕಿತ್ತು. ನಾನು ನೋಡಿದೆ. ಅಕ್ಕನೂ ನೋಡಿದಳು. ಆಕೆ ನನ್ನ ಮುಖ ನೋಡಿದಳು. ನನಗೆ ಮೆಣಸಿನಕಾಯಿ ಚೀಲ ನೆನಪಾಯಿತು. ಆಕೆಗೆ ಏನು ನೆನಪಾಯಿತೋ ಗೊತ್ತಿಲ್ಲ.

ಮಾಮಾನ ಹೆಜ್ಜೆ ಸಪ್ಪಳ ಕೇಳಿತು. ಅಕ್ಕ ಎರಡು ಹೆಜ್ಜೆ ಬಂದು, ಬರಿಗಾಲನ್ನು ಆ ಹನಿಯ ಮೇಲೆ ಇಟ್ಟು, ನಿರಿಗೆ ಅದರ ಮೇಲೆ ಇಳಿಬಿಟ್ಟು ನಿಂತಳು.

"ಅಲ್ಲೇ ಯಾಕ ನಿಂತಿ? ಹತ್ತು ಗಾಡಿ" ಅಂದರು ಮಾಮಾ, ಬ್ಯಾಗ್ ಇಳಿಸುತ್ತ.

"ಹತ್ತತೇನಿ. ಹಿತ್ತಲ ಬಾಗಿಲಾ ಹಾಕೀರೇನು? ಹೋಗಿ ನೋಡಿ ಬರ್ರಿ. ಹೋದ ವಾರ ಬೆಕ್ಕ ಬಂದು ಹಾಲ ಚೆಲ್ಲಿತ್ತು."

"ಹಾಕೇನಿ."

"ನೋಡಿ ಬರ್ರೀ ಅಂದ್ರ!"

ಮಾಮಾ ಹೋದರು. ಅಕ್ಕ ಹಿಮ್ಮಡಿಯನ್ನು ಗರಕ್ಕನೆ ತಿರುವಿ, ಚಪ್ಪಲಿ ಮೆಟ್ಟಿ, ಬ್ಯಾಗ್ ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು.

"ಅಕ್ಕಾ, ನೀನ ಅಂದಿದ್ದಿ, ಹನಿ ಬಿದ್ರ..."

"ಎಲ್ಲಿ ಬಿದ್ದೈತಿ? ಬಾಯಿ ಮುಚ್ಚಿ ಗಾಡಿ ಚಾಲೂ ಮಾಡು."

ಮಾಮಾ ಬಂದು, ಬಾಗಿಲು ಹಾಕಿದೆ ಅಂತ ಹೇಳಿ, ಕೈ ಬೀಸಿದರು. ಗೇಟು ದಾಟಿದೆವು. ಕನ್ನಡಿಯಲ್ಲಿ ನೋಡಿದರೆ ಮಾಮಾ ಅಂಗಳದ ನಡುವೆ ನಿಂತು ಕನ್ನಡಕ ಏರಿಸುತ್ತಿದ್ದರು. ಮೆಲ್ಲಗೆ ಬಗ್ಗಿದರು.

"ಅಕ್ಕಾ, ಮಾಮಾ ಬಗ್ಗಿ ನೋಡಾಕ ಹತ್ಯಾರ."

"ನೋಡ್ಲಿ ಬಿಡು" ಅಂದಳು ಅಕ್ಕ, ಗಾಜು ಇಳಿಸುತ್ತ. "ಕರ್ಯಾಕ ಯಾರ ಬಂದಿದ್ರವಾ ಅಂತ ಅವರನ್ನ ಯಾರೂ ಕೇಳಂಗಿಲ್ಲ. ನೀ ಜೋರ ಓಡಸು."